ಬೂಷ್ಟು ಹಿಡಿದ ಬಿಡಾರ

ಸ್ಟುಟ್‌ಗಾರ್ಟಿನ ಫೊಯರ್‌ಬಾಖ್ ಬಡಾವಣೆಯಲ್ಲಿ ಸುಹಾಸನಿಗಿಂತ ಚೆನ್ನಾಗಿ ಜರ್ಮನ್ ಮಾತಾಡುವವರು ಸಾವಿರಾರು ಜನ ಇದ್ದರು. ಅದರ ಬಗ್ಗೆ ಅವನಿಗೆ ಬೇಸರವಿರಲಿಲ್ಲ. ಆದರೆ ಆ ಸಾವಿರಾರು ಜನರಲ್ಲಿ ಅವನ ಹೆಂಡತಿ ನಿಶ್ಚಿತಾಳೂ ಒಬ್ಬಳಾಗಿದ್ದದ್ದು ಮಾತ್ರ ಅವನ ಹೊಟ್ಟೆಯಲ್ಲಿ ಅರೆಬೆಂದ ಬೇಳೆಯ ಹಾಗೆ ಕೂತಿತ್ತು.

ಅಂಗಡಿಯಲ್ಲಾಗಲಿ, ಡಾಕ್ಟರ ಹತ್ತಿರವಾಗಲಿ, ಮಗಳ ಶಾಲೆಯಲ್ಲಾಗಲಿ, ಅವನು ಮನಸ್ಸಿನೊಳಗೆ ವಾಕ್ಯ ಕಟ್ಟಿ ಬಾಯಿ ತೆರೆಯುವಷ್ಟರಲ್ಲಿ ಅವಳು ಮಾತು ಮುಗಿಸಿ ಬ್ಯಾಗು ಹೆಗಲಿಗೇರಿಸಿಕೊಂಡಿರುತ್ತಿದ್ದಳು. ಸುಹಾಸ ಕೆಲಸ ಮಾಡುತ್ತಿದ್ದದ್ದು ಬ್ರೇಕ್ ತಯಾರಿಸುವ ಕಂಪನಿಯಲ್ಲಿ. ಅಲ್ಲಿ ಎಲ್ಲ ಇಂಗ್ಲಿಷಿನಲ್ಲೇ ನಡೆಯುತ್ತಿದ್ದುದರಿಂದ ಅವನ ಜರ್ಮನ್ನಿಗೆ ವ್ಯಾಯಾಮವೇ ಇರಲಿಲ್ಲ. ಆದರೂ ಅವನು ಬಿ-ಒನ್ ಎಂಬ ಮಧ್ಯಮ ದರ್ಜೆಯ ಭಾಷಾ ಪರೀಕ್ಷೆ ಪಾಸು ಮಾಡಿದ್ದ. ಪಾಸು ಮಾಡಿದ ಮೇಲೆ ಒಂದು ಸಿದ್ಧಾಂತವನ್ನೂ ಮಾಡಿಕೊಂಡಿದ್ದ. ಜರ್ಮನ್ನಿನಲ್ಲಿ ಪ್ರತಿ ನಾಮಪದದ ಮುಂದೆ ಕೂರುವ 'ಒಂದು' ಎಂಬರ್ಥದ ಐನ್, ಐನೆ, ಐನೆನ್ ಎಂಬ ಪುಟ್ಟ ಪದಗಳಿವೆಯಲ್ಲ, ಅವನ್ನು ಯಾರು ಬಿಡದೆ ಹಾಕುತ್ತಾರೋ ಅವರೇ ಪಂಡಿತರು. ಮಿಕ್ಕವರೆಲ್ಲ ಬರೀ ವಾಚಾಳಿಗಳು. ಈ ಲೆಕ್ಕದಲ್ಲಿ ಹೆಂಡತಿ ಸರಾಗವಾಗಿ ಮಾತಾಡುತ್ತಾಳೆ, ತಾನು ಸರಿಯಾಗಿ ಮಾತಾಡುತ್ತೇನೆ ಎಂದು ಅವನು ಸಮಾಧಾನ ಪಟ್ಟುಕೊಂಡಿದ್ದ.

ಹೀಗಿರುವಾಗ ಮೈಸೂರಿನಿಂದ ಅತ್ತೆ ಪುಟ್ಟಲಕ್ಷ್ಮಮ್ಮನವರು ಬಂದರು. ಮಗಳ ಮನೆಯ ಬಾಲ್ಕನಿಯಲ್ಲಿ ಕೂತು ಎದುರು ಮನೆಯ ಬಾಲ್ಕನಿ ನೋಡಿ ನೋಡಿ ಅವರಿಗೆ ಬೇಜಾರಾದದ್ದು ಸುಹಾಸನ ಕಣ್ಣಿಗೆ ಬಿತ್ತು. ಫಿಂಗ್‌ಸ್ಟನ್ ಎಂಬ ಕ್ರೈಸ್ತರ ಹಬ್ಬದ ರಜೆಯಲ್ಲಿ ಎಲ್ಲರನ್ನೂ ಬೋಡನ್‌ಸೇ ಸರೋವರಕ್ಕೆ ಕರೆದುಕೊಂಡು ಹೋಗುತ್ತೇನೆ, ಹೋಟೆಲಿನಲ್ಲಿ ಅಲ್ಲ, ನಮ್ಮದೇ ಸ್ವಂತ ಬಿಡಾರದಲ್ಲಿ ಎಂದು ಒಂದು ದಿನ ಊಟದ ನಡುವೆ ಘೋಷಿಸಿಬಿಟ್ಟ. ಘೋಷಿಸಿದ ಮೇಲೆ ಬಿಡಾರ ಹುಡುಕಿದ.

ಸಿಕ್ಕಿದ್ದು ಒಂದು ಮಡಚುವ ಕ್ಯಾಂಪರು. ಮುಚ್ಚಿದಾಗ ಅದು ಚಕ್ರ ಹಾಕಿದ ದೊಡ್ಡ ಟ್ರಂಕು. ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗಿ, ಮುಚ್ಚಳ ಮಗುಚಿ ಕ್ಯಾನ್ವಾಸು ಬಿಡಿಸಿದರೆ ಇಬ್ಬಿಬ್ಬರು ಮಲಗುವ ಎರಡು ಹಾಸಿಗೆ, ಒಂದು ಒಲೆ ಇರುವ ಡೇರೆ. ರಾಯ್ಟ್‌ಲಿಂಗೆನ್ ಹತ್ತಿರದ ಹಳ್ಳಿಯೊಂದರ ಮುದುಕ ಅದನ್ನು ಸೆಕೆಂಡ್ ಹ್ಯಾಂಡಿಗೆ ಮಾರುತ್ತಿದ್ದ. ಕೊಳ್ಳುವ ಮುಂಚೆ ಪೂರ್ತಿ ಬಿಡಿಸಿ ನೋಡಿ ಎಂದು ನಿಶ್ಚಿತಾ ಒಂದೇ ಒಂದು ಮಾತು ಹೇಳಿದ್ದಳು. ಅಂದು ಆ ಹಳ್ಳಿಯಲ್ಲಿ ಮಳೆ. ಮುದುಕ ಎದೆ ಮುಟ್ಟಿಕೊಂಡು ಎಲ್ಲ ಒಣಗಿದೆ ಅಂದ. ಅವನ ವಾಕ್ಯದಲ್ಲಿ ವ್ಯಾಕರಣದ ಒಂದು ತಪ್ಪೂ ಇರಲಿಲ್ಲವಾದ್ದರಿಂದ ಸುಹಾಸ ನಂಬಿದ. ಮನೆಗೆ ಬಂದು, ಹೊಸದರಂತಿದೆ ಎಂದು ವರದಿ ಒಪ್ಪಿಸಿದ.

ಎಳೆದು ತಂದದ್ದು ಸ್ಟ್ಯಾನಿ. ಮಂಗಳೂರಿನವನು, ಸುಹಾಸನ ಕಂಪನಿಯವನೇ. ಟ್ರೇಲರ್ ಕಟ್ಟುವ ಕೊಕ್ಕೆಯಿರುವ ಕಾರು, ದೊಡ್ಡ ಗ್ಯಾರೇಜು ಎರಡೂ ಇದ್ದ ಭಾಗ್ಯವಂತ. ಅವನ ಗ್ಯಾರೇಜಿನಲ್ಲಿ ಇಬ್ಬರೂ ಸೇರಿ ಮುಚ್ಚಳ ಮಗುಚಿದರು. ಒಳಗಿನಿಂದ ಹೊರಟ ವಾಸನೆಗೆ ಸ್ಟ್ಯಾನಿಯ ನಾಯಿ ಎದ್ದು ಹೊರಗೆ ಹೋಯಿತು. ಬಿಳಿ ಕ್ಯಾನ್ವಾಸಿನ ಮೇಲೆ ಕಪ್ಪು, ಹಸಿರು, ಬೂದು ಚುಕ್ಕೆಗಳು ದ್ವೀಪಗಳಾಗಿ, ಕೆಲವು ಕಡೆ ಖಂಡಗಳಾಗಿ ಹರಡಿಕೊಂಡಿದ್ದವು.

"ಇದೆಂತ ಮಾರಾಯ," ಅಂದ ಸ್ಟ್ಯಾನಿ, ಮೂಗು ಮುಚ್ಚಿಕೊಂಡೇ. "ಅವ ಇದನ್ನು ಮಡಚಿ ಇಟ್ಟದ್ದಾ, ಉಪ್ಪಿನಕಾಯಿ ಹಾಕಿ ಇಟ್ಟದ್ದಾ?"

"ಬೂಷ್ಟು ಹಿಡಿದಿದೆ ಅಷ್ಟೇ ಗುರು. ತೊಳದ್ರೆ ಹೋಗತ್ತೆ."

ಜರ್ಮನ್ನಿನಲ್ಲಿ ಇದಕ್ಕೆ ಷಿಮ್ಮೆಲ್ ಎನ್ನುತ್ತಾರೆ, ಇಲ್ಲಿಯ ಜನ ಹುಲಿಗೆ ಹೆದರದಿದ್ದರೂ ಇದಕ್ಕೆ ಹೆದರುತ್ತಾರೆ ಎಂದು ಸ್ಟ್ಯಾನಿ ತಿಳಿಸಿಕೊಟ್ಟ. ಹೊಸ ಪದ ಸಿಕ್ಕಿದ್ದಕ್ಕೆ ಸುಹಾಸನಿಗೆ ಅಷ್ಟು ದುಃಖದಲ್ಲೂ ಸ್ವಲ್ಪ ಖುಷಿಯಾಯಿತು.

ಪುಣ್ಯಕ್ಕೆ ನಿಶ್ಚಿತಾ ಊರಲ್ಲಿರಲಿಲ್ಲ. ಆ ಗುರುವಾರ ಬೇರೊಂದು ಹಬ್ಬ, ಶುಕ್ರವಾರ ಶಾಲೆಗೆ ರಜೆ. ಅವಳು ಮಗಳು ಇಳಾಳನ್ನು ಕರೆದುಕೊಂಡು ಕಾರ್ಲ್ಸ್‌ರುಹೆಯಲ್ಲಿ ಗೆಳತಿ ಸ್ಮಿತಾಳ ಮನೆಗೆ ಹೋಗಿದ್ದಳು. ಶನಿವಾರ ಸಂಜೆ ಅವಳು ವಾಪಸು ಬರುವುದರೊಳಗೆ ಬಿಡಾರ ಹೊಸದರಂತೆ ಆಗಿಬಿಡಬೇಕು. ಅತ್ತೆಯವರ ಹತ್ತಿರ ಮಾತ್ರ, ಮಗಳಿಗೆ ಹೇಳಬೇಡಿ ಎಂದು ಬೇಡಿಕೊಂಡು, ಸುಹಾಸ ನಿಜ ಹೇಳಿದ. ಅವರು ಹುರುಳಿಕಾಯಿ ಸೋಸುತ್ತಿದ್ದ ಕೈ ನಿಲ್ಲಿಸಲೂ ಇಲ್ಲ. "ಹುಳೀಲಿ ತೊಳದು ಬಿಸ್ಲಿಗೆ ಹಾಕಪ್ಪ. ಹೋಗ್ದೇ ಇದ್ರೆ ಆ ಭಾಗ ಕತ್ತರ್ಸಿ ಬಿಸಾಕಿ ತ್ಯಾಪೆ ಹಾಕು. ಇದಕ್ಕೆ ಯಾಕಿಷ್ಟು ಪಂಚಾಯ್ತಿ," ಅಂದರು.

ಹುಳಿ ಎಂದರೆ ವಿನೆಗರ್, ಅದು ಅಂಗಡಿಯಲ್ಲಿತ್ತು. ಬಿಸಿಲು ಎಂದರೆ ಮನೆಯ ಹಿಂದಿನ ಅಂಗಳ. ಆ ಅಂಗಳ ಮಾತ್ರ ಎರಡನೇ ಮಹಡಿಯ ಫ್ರಾವ್ ಎಬಿಂಗರ್, ಅಂದರೆ ಶ್ರೀಮತಿ ಎಬಿಂಗರ್, ಅವರ ಹಿಡಿತದಲ್ಲಿತ್ತು. ಕಾಗದದ ಪ್ರಕಾರ ಅದು ಎಲ್ಲರದೂ ಆಗಿತ್ತು. ಆದರೆ ಅಲ್ಲಿ ಯಾರ ಸೈಕಲ್ ಎಲ್ಲಿ ನಿಲ್ಲಬೇಕು, ಯಾರ ಸರದಿಯ ವಾರದಲ್ಲಿ ಮೆಟ್ಟಿಲು ಸರಿಯಾಗಿ ಗುಡಿಸಿಲ್ಲ ಎಂಬ ತೀರ್ಪುಗಳನ್ನೆಲ್ಲ ಕೊಡುತ್ತಿದ್ದವರು ಎಪ್ಪತ್ತು ದಾಟಿದ ಆ ಹೆಂಗಸೇ. ಅಪ್ಪಣೆ ಕೇಳದೆ ಗತ್ಯಂತರವಿರಲಿಲ್ಲ.

ಇಲ್ಲಿ ಓದುಗರಿಗೆ ಜರ್ಮನ್ ಭಾಷೆಯ ಒಂದು ಕುತಂತ್ರವನ್ನು ತಿಳಿಸಲೇಬೇಕು. ಷಿಮ್ಮೆಲ್ ಎಂದು ಬರಿದೇ ಹೇಳಿದರೆ ಬೂಷ್ಟು. ಅದರ ಹಿಂದೆ ಐನೆನ್ ಸೇರಿಸಿ, ಐನೆನ್ ಷಿಮ್ಮೆಲ್ ಎಂದರೆ ಒಂದು ಬಿಳಿ ಕುದುರೆ. ಈ ಸಂಗತಿ ಆ ದೇಶದ ಮಕ್ಕಳಿಗೂ ಗೊತ್ತು. ಬರಿದೇ ಹೇಳುವುದು ಸುಹಾಸನ ಸಿದ್ಧಾಂತದಲ್ಲಿರಲಿಲ್ಲ.

ಗುರುವಾರ ಸಂಜೆ ಮೆಟ್ಟಿಲ ಮೇಲೆ ಫ್ರಾವ್ ಎಬಿಂಗರ್ ಸಿಕ್ಕರು. ಸುಹಾಸ ಗಂಟಲು ಸರಿಮಾಡಿಕೊಂಡು, ತನ್ನ ಹತ್ತಿರ ಐನೆನ್ ಷಿಮ್ಮೆಲ್ ಇದೆ ಎಂದು ತಿಳಿಸಿದ.

ಆ ಹೆಂಗಸಿನ ಮುಖ ಒಮ್ಮೆಲೇ ಮೃದುವಾಯಿತು. ನಿಜವಾಗಿಯೂ ಇದೆಯೇ, ಈಗ ಎಲ್ಲಿದ್ದಾನೆ ಎಂದು ಕೇಳಿದರು. ಜರ್ಮನ್ನಿನಲ್ಲಿ ಕುದುರೆಯ ಷಿಮ್ಮೆಲ್ಲೂ ಗಂಡು, ಬೂಷ್ಟಿನ ಷಿಮ್ಮೆಲ್ಲೂ ಗಂಡು. ಹಾಗಾಗಿ ಆ ಮೇಲಿನ ಮಾತೆಲ್ಲ ಏಕವಚನದ ಪುಲ್ಲಿಂಗದಲ್ಲೇ ಸುಗಮವಾಗಿ ನಡೆಯಿತು. ಸದ್ಯ ಗೆಳೆಯನ ಗ್ಯಾರೇಜಿನಲ್ಲಿದ್ದಾನೆ, ಶನಿವಾರ ಅಂಗಳಕ್ಕೆ ತರುತ್ತೇನೆ, ನಿಮ್ಮ ಅಪ್ಪಣೆ ಬೇಕು ಎಂದ ಸುಹಾಸ. ಗ್ಯಾರೇಜಿನಲ್ಲಾ ಎಂದು ಆಕೆ ಹುಬ್ಬೇರಿಸಿದರು. ಹೌದು, ಕತ್ತಲು ಮತ್ತು ತೇವ ಅವನಿಗೆ ಇಷ್ಟ ಎಂದ. ಮೊದಲು ಒರಟು ಬ್ರಶ್ಶಿನಲ್ಲಿ ಉಜ್ಜುತ್ತೇನೆ, ಆಮೇಲೆ ಮೈತುಂಬ ವಿನೆಗರ್ ಸುರಿಯುತ್ತೇನೆ ಎಂದು ಕ್ರಮವನ್ನೂ ವಿವರಿಸಿದ. ಆಕೆ ಮೆಟ್ಟಿಲಿನ ಕಂಬಿ ಹಿಡಿದುಕೊಂಡರು. ವಿನೆಗರಿಗೂ ಬಗ್ಗದಿದ್ದರೆ, ಎಂದು ಸುಹಾಸ ಅತ್ತೆಯವರ ಸಲಹೆಯನ್ನು ಒಂದೂ ತಪ್ಪಿಲ್ಲದೆ ಅನುವಾದಿಸಿದ, ಕತ್ತರಿಸಿ ಎಸೆದುಬಿಡುತ್ತೇನೆ.

ಫ್ರಾವ್ ಎಬಿಂಗರ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಒಂದು ಡೇರೆಯ ಬಗ್ಗೆಯೂ ಇಷ್ಟು ಮರುಗುವ ಜನ ಇದ್ದಾರಲ್ಲ ಎಂದು ಸುಹಾಸ ಮೆಚ್ಚಿಕೊಂಡು ಮೆಟ್ಟಿಲು ಹತ್ತಿದ.

ಮರುದಿನ ಬೆಳಗ್ಗೆ ಬಾಗಿಲು ತೆರೆದರೆ ಹೊಸ್ತಿಲ ಬಳಿ ಒಂದು ಬುಟ್ಟಿ ಕ್ಯಾರೆಟ್. ಮಧ್ಯಾಹ್ನದ ಹೊತ್ತಿಗೆ ಅದರ ಪಕ್ಕದಲ್ಲಿ ಇನ್ನೊಂದು ಚೀಲ ಬಂತು. ನೆಲಮಹಡಿಯ ಮಕ್ಕಳು ಬೆಲ್ ಒತ್ತಿ, ಸೇಬಿನ ಹೋಳುಗಳ ತಟ್ಟೆ ಕೊಟ್ಟು, ನಾಚಿಕೊಂಡು ಓಡಿಹೋದರು. ಸುಹಾಸ ಯೋಚಿಸಿ ಯೋಚಿಸಿ ಸ್ಟ್ಯಾನಿಗೆ ಫೋನ್ ಮಾಡಿದ. ಇಲ್ಲಿಯವರು ಬೂಷ್ಟಿಗೆ ಕ್ಯಾರೆಟ್ ಉಜ್ಜುತ್ತಾರೆಯೇ ಎಂದು ವಿಚಾರಿಸಿದ. ತನಗೆ ಗೊತ್ತಿಲ್ಲ, ಆದರೆ ಜರ್ಮನ್ನರು ಕಾರಣವಿಲ್ಲದೆ ಏನೂ ಮಾಡುವುದಿಲ್ಲ ಎಂದು ಸ್ಟ್ಯಾನಿ ಗಂಭೀರವಾಗಿ ಹೇಳಿದ. ಪುಟ್ಟಲಕ್ಷ್ಮಮ್ಮನವರಿಗೆ ಈ ಸಂಶಯಗಳೊಂದೂ ಇರಲಿಲ್ಲ. ಬಂದ ಕ್ಯಾರೆಟ್ಟನ್ನೆಲ್ಲ ತುರಿದು, ತುಪ್ಪ ಸುರಿದು, ದೊಡ್ಡ ಪಾತ್ರೆಯಲ್ಲಿ ಹಲ್ವಕ್ಕೆ ಇಟ್ಟರು.

ಆಮೇಲೆ ಮೂರನೇ ಮಹಡಿಯ ಹೆರ್ ವೈಡ್ಲೆ, ಅಂದರೆ ಶ್ರೀಯುತ ವೈಡ್ಲೆ, ಬಂದರು. ಅವರಿಗೆ ಗುಲಾಬಿ ತೋಟದ ಹುಚ್ಚು. ನಿಮ್ಮ ಷಿಮ್ಮೆಲ್ ಬಂದ ಮೇಲೆ ಅವನ 'ಮಿಸ್ಟ್' ನನಗೆ ಕೊಡುತ್ತೀರಾ ಎಂದು ಸಂಕೋಚದಿಂದ ಕೇಳಿದರು. ಜರ್ಮನ್ನಿನಲ್ಲಿ ಮಿಸ್ಟ್ ಎಂದರೆ ಲದ್ದಿ. ಸುಹಾಸ ಇಂಗ್ಲಿಷಿನ ಮಂಜು ಅಂದುಕೊಂಡ. ಡೇರೆಯಿಂದ ಏಳುವ ತೇವದ ಹಬೆಗೆ ಹೆರ್ ವೈಡ್ಲೆಗೆ ಏನು ಉಪಯೋಗವೋ ತಿಳಿಯಲಿಲ್ಲ, ಆದರೂ ಇಲ್ಲವೆನ್ನುವ ಮನುಷ್ಯನಲ್ಲ. ಧಾರಾಳವಾಗಿ ತೆಗೆದುಕೊಳ್ಳಿ, ಎಲ್ಲ ನಿಮಗೇ ಅಂದ. ಹೆರ್ ವೈಡ್ಲೆ ಅವನ ಕೈ ಹಿಡಿದು ಬಹಳ ಹೊತ್ತು ಕುಲುಕಿದರು.

ಸಂಜೆಗೆ ಹೌಸ್‌ಫೆರ್‌ವಾಲ್ಟುಂಗಿನ, ಅಂದರೆ ಕಟ್ಟಡ ನೋಡಿಕೊಳ್ಳುವ ಕಚೇರಿಯ, ಹೆರ್ ಕ್ನೋಡ್ಲರ್ ಫೋನ್ ಮಾಡಿದರು. ರಜೆಯ ದಿನ ಅವರ ಮೊಬೈಲಿಗೆ ಕರೆ ಮಾಡುವ ಅಧಿಕಾರ ಇಡೀ ಕಟ್ಟಡದಲ್ಲಿ ಫ್ರಾವ್ ಎಬಿಂಗರ್ ಒಬ್ಬರಿಗೇ ಇತ್ತು. ಅದನ್ನು ಅವರು ಚಲಾಯಿಸಿದ್ದರು. ಅಂಗಳದಲ್ಲಿ ಷಿಮ್ಮೆಲ್ ನಿಲ್ಲಿಸುವುದು ಸಾಧ್ಯವೇ ಇಲ್ಲ ಎಂದರು ಕ್ನೋಡ್ಲರ್. ಒಂದೇ ದಿನ, ಒಣಗಿದ ಕೂಡಲೇ ಹೊರಟುಹೋಗುತ್ತಾನೆ ಎಂದ ಸುಹಾಸ. ಜನರಿಗೆ ಅಪಾಯವಿದೆಯೇ ಎಂಬ ಪ್ರಶ್ನೆ ಬಂತು. ಸುಹಾಸ ಪ್ರಾಮಾಣಿಕ, ಉಸಿರಾಟದ ತೊಂದರೆ ಇರುವವರು ದೂರ ನಿಲ್ಲುವುದು ಒಳ್ಳೆಯದು, ನಾನಂತೂ ಕೈಗವಸು ಹಾಕಿಕೊಳ್ಳದೆ ಮುಟ್ಟುವುದಿಲ್ಲ ಎಂದ. ಕೊನೆಗೆ ಕ್ನೋಡ್ಲರ್, ಶನಿವಾರ ನಾನೇ ಬರುತ್ತೇನೆ, ನಾನು ಬರುವ ತನಕ ಅವನಿಗೆ ಏನೂ ಮಾಡಬೇಡಿ ಎಂದು ಎರಡೆರಡು ಸಲ ಹೇಳಿ ಫೋನ್ ಇಟ್ಟರು.

ಶನಿವಾರ ಬಿಸಿಲು ಚೆನ್ನಾಗಿತ್ತು. ಸ್ಟ್ಯಾನಿಯ ಕಾರು ಕ್ಯಾಂಪರನ್ನು ಎಳೆದುಕೊಂಡು ಕಮಾನಿನ ಕೆಳಗೆ ನುಸುಳಿ ಅಂಗಳಕ್ಕೆ ಬಂದಾಗ ಸುಹಾಸನ ಕಣ್ಣು ತೇವವಾಯಿತು. ಇಡೀ ಕಟ್ಟಡವೇ ಅಲ್ಲಿ ನೆರೆದಿತ್ತು. ಹೆರ್ ವೈಡ್ಲೆ ಸಲಿಕೆ, ತಳ್ಳುಗಾಡಿ ಹಿಡಿದು ನಿಂತಿದ್ದರು. ಫ್ರಾವ್ ಎಬಿಂಗರ್ ಒಂದು ಬಕೆಟ್ ನೀರು, ಮರದ ಹಿಡಿಯ ಹಳೆಯ ಬ್ರಶ್ಶು ತಂದಿದ್ದರು. ನೆಲಮಹಡಿಯ ಮಕ್ಕಳ ಕೈಯಲ್ಲಿ ಮತ್ತೆ ಸೇಬು. ಹೆರ್ ಕ್ನೋಡ್ಲರ್ ಫೈಲು ಬಗಲಲ್ಲಿಟ್ಟುಕೊಂಡು ಗಡಿಯಾರ ನೋಡುತ್ತಿದ್ದರು. ಜೊತೆಗೆ ಗುರುತಿಲ್ಲದ, ಹಸಿರು ಜಾಕೆಟ್ಟಿನ ಒಬ್ಬ ಹೆಂಗಸು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿದ್ದಾಗ ಲಿಫ್ಟ್ ಕೆಟ್ಟರೂ ಇಷ್ಟು ಜನ ಸೇರಿರಲಿಲ್ಲ. ಪರದೇಶದಲ್ಲಿ ನೆರೆಹೊರೆ ಇಲ್ಲ ಎನ್ನುವವರ ಮುಖಕ್ಕೆ ಈ ದೃಶ್ಯ ಹಿಡಿಯಬೇಕು ಎಂದು ಅವನು ಸ್ಟ್ಯಾನಿಗೆ ಹೇಳಿದ.

ನೆರೆಹೊರೆ ಮಾತ್ರ ಟ್ರೇಲರಿನ ಎತ್ತರ ನೋಡಿ ಕಲ್ಲಾಗಿತ್ತು. ಅದು ಸುಹಾಸನ ಸೊಂಟದವರೆಗೂ ಬರುತ್ತಿರಲಿಲ್ಲ.

ಹಸಿರು ಜಾಕೆಟ್ಟಿನ ಹೆಂಗಸು ಪ್ರಾಣಿರಕ್ಷಣಾ ಸಂಘದವಳು. ಮುಂದೆ ಬಂದು, ಅವನು ಇದರೊಳಗಿದ್ದಾನೆಯೇ ಎಂದು ಕೇಳಿದಳು. ಹೌದು ಎಂದ ಸುಹಾಸ. ಎಷ್ಟು ಹೊತ್ತಿನಿಂದ ಎಂದಳು. ಮಾರಿದ ಮುದುಕ ಹೇಳಿದ್ದನ್ನು ಜ್ಞಾಪಿಸಿಕೊಂಡು, ಹೋದ ಶರತ್ಕಾಲದಿಂದ ಎಂದ. ನೆಲಮಹಡಿಯ ತಾಯಿ ಮಕ್ಕಳ ಕಣ್ಣಿಗೆ ಕೈ ಅಡ್ಡ ಹಿಡಿದಳು.

ಮಡಚಿಯೇ ಇದ್ದಾನೆಯೇ ಎಂದು ಹೆರ್ ವೈಡ್ಲೆ ಕ್ಷೀಣ ಧ್ವನಿಯಲ್ಲಿ ಕೇಳಿದರು. ಮಡಚಿಯೇ, ಅದೂ ಒದ್ದೆ ಇರುವಾಗಲೇ ಮಡಚಿದ್ದರಂತೆ, ಅದೇ ತಪ್ಪಾದದ್ದು ಎಂದು ಸುಹಾಸ ವಿಷಾದದಿಂದ ತಲೆಯಾಡಿಸಿದ. ಮೂಗಿಗೆ ಬಟ್ಟೆ ಕಟ್ಟಿಕೊಂಡ, ಕೈಗವಸು ತೊಟ್ಟ, ವಿನೆಗರ್ ಬಾಟಲಿಗಳನ್ನು ಸಾಲಾಗಿ ಇಟ್ಟ, ಅವುಗಳ ಪಕ್ಕದಲ್ಲಿ ಅತ್ತೆಯವರ ದೊಡ್ಡ ಕತ್ತರಿ ಇಟ್ಟ. ವಾಸನೆ ಬರುತ್ತದೆ, ದಯವಿಟ್ಟು ಹಿಂದೆ ಸರಿಯಿರಿ ಎಂದು ಎಲ್ಲರಿಗೂ ವಿನಯದಿಂದ ಸೂಚಿಸಿದ.

"ತೆಗೆಯಿರಿ," ಅಂದಳು ಹಸಿರು ಜಾಕೆಟ್ಟಿನವಳು, ಪೊಲೀಸರ ನಂಬರ್ ಒತ್ತಿದ ಫೋನನ್ನು ಕಿವಿಯ ಹತ್ತಿರ ಹಿಡಿದು. "ಈಗಲೇ."

ಸುಹಾಸ ಮತ್ತು ಸ್ಟ್ಯಾನಿ ಎರಡೂ ಕಡೆ ಹಿಡಿದು ಮುಚ್ಚಳ ಮಗುಚಿದರು. ಕಂಬಿಗಳು ಕಿರುಗುಟ್ಟಿದವು. ಕ್ಯಾನ್ವಾಸು ಮುದಿ ಪಕ್ಷಿಯ ಹಾಗೆ ರೆಕ್ಕೆ ಬಿಚ್ಚಿ, ಒಂದು ಸಲ ನಡುಗಿ, ತನ್ನೆಲ್ಲ ದ್ವೀಪಗಳು ಖಂಡಗಳ ಸಮೇತ ಬಿಸಿಲಿಗೆ ನಿಂತಿತು. ನೆಲಮಹಡಿಯ ಚಿಕ್ಕ ಹುಡುಗಿ ಡೇರೆಯೊಳಗೆ ತಲೆ ಹಾಕಿ, ಹಾಸಿಗೆಯ ಕೆಳಗೂ ನೋಡಿ ಬಂದು, ಕುದುರೆ ಎಲ್ಲಿ ಎಂದು ಕೇಳಿದಳು.

ಅದೇ ಗಳಿಗೆಗೆ ಕಮಾನಿನ ಕೆಳಗೆ ನಿಶ್ಚಿತಾ ಮತ್ತು ಇಳಾ ಪೆಟ್ಟಿಗೆ ಎಳೆದುಕೊಂಡು ಬಂದರು. ಸ್ಮಿತಾಳ ಮಗುವಿಗೆ ಜ್ವರ ಬಂದದ್ದರಿಂದ ಬೇಗ ಹೊರಟಿದ್ದರು. ಪ್ರಾಣಿರಕ್ಷಣೆ, ಸಲಿಕೆ, ಸೇಬು, ಕತ್ತರಿ ಎಲ್ಲವನ್ನೂ ನಿಶ್ಚಿತಾ ಒಂದು ಸುತ್ತು ನೋಡಿ, ಏನು ನಡೆಯುತ್ತಿದೆ ಎಂದು ಕೇಳಿದಳು. ನೆರೆದವರು ಒಟ್ಟಿಗೆ ಮಾತಾಡಿದರು. ಷಿಮ್ಮೆಲ್ ಎಂಬ ಪದ ಎಲ್ಲ ದಿಕ್ಕಿನಿಂದ ಕೇಳಿಸಿತು. ಮೊದಲು ಅರ್ಥವಾದದ್ದು ಇಳಾಳಿಗೆ. ಅವಳು ಪೆಟ್ಟಿಗೆಯ ಮೇಲೆ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡಳು.

"ಪಾಪಾ, ಐನೆನ್ ಷಿಮ್ಮೆಲ್ ಅಂದ್ರೆ ಪ್ಫೆರ್ಡ್. ಹಾರ್ಸ್, ಪಾಪಾ. ವೈಟ್ ಹಾರ್ಸ್."

ಸುಹಾಸ ವಿನೆಗರ್ ಬಾಟಲಿ ಹಿಡಿದುಕೊಂಡೇ ಗುರುವಾರದ ಸಂಜೆಯಿಂದ ತಾನು ಆಡಿದ ಒಂದೊಂದು ಮಾತನ್ನೂ ನೆನೆದುಕೊಂಡ. ಕತ್ತಲು, ಒರಟು ಬ್ರಶ್ಶು, ಕತ್ತರಿಸಿ ಎಸೆಯುವುದು. ಹೆರ್ ವೈಡ್ಲೆಯ ತಳ್ಳುಗಾಡಿ ನೋಡಿದ ಮೇಲೆ ಮಿಸ್ಟ್ ಎಂದರೆ ಏನೆಂಬುದೂ ತಾನಾಗಿಯೇ ಹೊಳೆಯಿತು.

ಫ್ರಾವ್ ಎಬಿಂಗರ್ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತು ಮುಖ ಮುಚ್ಚಿಕೊಂಡರು. ಭುಜಗಳು ಅಲುಗುತ್ತಿದ್ದವು. ಅಳುತ್ತಿದ್ದಾರೆಂದು ಎಲ್ಲರೂ ಗಾಬರಿಯಾದರು. ಕೈ ತೆಗೆದಾಗ ನೋಡಿದರೆ ನಗು. ಆ ಕಟ್ಟಡದಲ್ಲಿ ಬಹಳ ವರ್ಷದಿಂದ ಇದ್ದವರೂ ಆ ನಗುವನ್ನು ನೋಡಿರಲಿಲ್ಲ. ಆದ್ದರಿಂದ ತಾವೂ ನಗಬಹುದೋ ಇಲ್ಲವೋ ಎಂದು ಸ್ವಲ್ಪ ಹೊತ್ತು ಕಾದರು, ಆಮೇಲೆ ನಕ್ಕರು. ಚಿಕ್ಕವಳಿದ್ದಾಗ ಹಳ್ಳಿಯಲ್ಲಿ ತನ್ನಪ್ಪನ ಹತ್ತಿರ ಹಾನ್ಸೆಲ್ ಎಂಬ ಬಿಳಿ ಕುದುರೆ ಇತ್ತು, ಈ ಬ್ರಶ್ಶು ಅದರದೇ ಎಂದು ಆಕೆ ನಿಶ್ಚಿತಾಳಿಗೆ ಹೇಳಿದರು. ಎರಡು ರಾತ್ರಿ ತಾನು ನಿದ್ದೆ ಮಾಡಿಲ್ಲ ಎಂದೂ ಹೇಳಿದರು.

ಕುದುರೆಯಲ್ಲ, ಬರೀ ಬೂಷ್ಟು ಎಂದು ತಿಳಿದು ಎಲ್ಲರಿಗಿಂತ ಹಗುರಾದವರು ಹೆರ್ ಕ್ನೋಡ್ಲರ್. ಫೈಲು ಮುಚ್ಚಿ, ಸುಹಾಸನ ಬೆನ್ನು ತಟ್ಟಿ, ಆದರೂ ಬೂಷ್ಟು ಹಿಡಿದ ವಸ್ತುವನ್ನು ಅಂಗಳದಲ್ಲಿಡುವುದು ನಿಯಮದ ಪ್ರಕಾರ ತಪ್ಪು, ಕೂಡಲೇ ತೆಗೆಯಬೇಕು ಎಂದರು. ಸುಹಾಸನಿಗೆ ಈಗ ಪದದ ಅರ್ಥ ಖಚಿತವಾಗಿತ್ತಲ್ಲ, ಕಲಿತದ್ದನ್ನು ಬಳಸುವ ಹುಮ್ಮಸ್ಸು ಬಂತು. ಐನೆನ್ ಬಿಟ್ಟು, ತಪ್ಪಿಲ್ಲದ ಜರ್ಮನ್ನಿನಲ್ಲಿ, ಸ್ನೇಹದಿಂದಲೇ ಕೇಳಿದ:

"ನೆಲಮಾಳಿಗೆಯಲ್ಲಿ ವಾಷಿಂಗ್ ಮೆಷಿನ್ ಹಿಂದಿನ ಗೋಡೆ ತುಂಬ ಇದೆಯಲ್ಲ, ಅದೂ ಇದೇ ಷಿಮ್ಮೆಲ್ ತಾನೇ?"

ಕಟ್ಟಡದ ತಲೆಗಳೆಲ್ಲ ಒಟ್ಟಿಗೆ ಹೆರ್ ಕ್ನೋಡ್ಲರ್ ಕಡೆ ತಿರುಗಿದವು. ನೆಲಮಹಡಿಯ ತಾಯಿ, ನಾನು ಹೋದ ವರ್ಷವೇ ಹೇಳಿದ್ದೆ ಎಂದಳು. ಹೆರ್ ವೈಡ್ಲೆ, ನಾನು ಅದರ ಹಿಂದಿನ ವರ್ಷ ಎಂದರು. ಫ್ರಾವ್ ಎಬಿಂಗರ್ ಬಕೆಟ್ಟಿನಿಂದ ನಿಧಾನವಾಗಿ ಎದ್ದು ನಿಂತರು. ಬೂಷ್ಟು ಬರದ ಹಾಗೆ ಮನೆಯ ಕಿಟಕಿ ತೆರೆದಿಡಿ ಅಂತ ನಮಗೆಲ್ಲ ಪಾಠ ಮಾಡಿದಿರಲ್ಲ ಎಂದು ಆಕೆ ಶುರು ಮಾಡುವಷ್ಟರಲ್ಲಿ ಹೆರ್ ಕ್ನೋಡ್ಲರ್, ಡೇರೆ ಎಷ್ಟು ದಿನ ಬೇಕಾದರೂ ಇಲ್ಲೇ ಒಣಗಲಿ, ಸೋಮವಾರವೇ ಗೋಡೆಗೆ ಜನ ಕಳಿಸುತ್ತೇನೆ ಎಂದು ಹಿಂದೆ ಹಿಂದೆ ಹೆಜ್ಜೆಯಿಡುತ್ತಾ ಕಮಾನು ದಾಟಿಬಿಟ್ಟರು.

ನಿಶ್ಚಿತಾ ಗಂಡನ ಹತ್ತಿರ ಬಂದಳು. "ತೊಗೊಳೋಕೆ ಮುಂಚೆ ಬಿಡಿಸಿ ನೋಡಿದ್ರಾ?"

ಸುಹಾಸ ಕನ್ನಡವೂ ಬಾರದವನ ಹಾಗೆ ವಿನೆಗರ್ ಬಾಟಲಿಯ ಮುಚ್ಚಳ ತಿರುಗಿಸತೊಡಗಿದ.

"ಆಮೇಲೆ ಮಾತಾಡೋಣ," ಅಂದಳು. ಅಂಗಿಯ ತೋಳು ಮಡಚಿ ಒಂದು ಬ್ರಶ್ಶು ತೆಗೆದುಕೊಂಡಳು.

ಹಸಿರು ಜಾಕೆಟ್ಟಿನವಳು ಹೋಗಲಿಲ್ಲ. ಅವಳ ಅಪ್ಪನಿಗೂ ಇಂಥದೇ ಡೇರೆಯಿತ್ತಂತೆ. ಮೊದಲು ಒಣ ಬ್ರಶ್ಶಿನಲ್ಲಿ ಉದುರಿಸಬೇಕು, ವಿನೆಗರಿಗೆ ನೀರು ಬೆರೆಸಬೇಕು, ದಾರದ ಹೊಲಿಗೆಗಳ ಮೇಲೆ ಮೆಲ್ಲಗೆ ಉಜ್ಜಬೇಕು, ಪೂರ್ತಿ ಒಣಗಿದ ಮೇಲೆ ನೀರು ಒಳಗಿಳಿಯದಂತೆ ಔಷಧ ಬಳಿಯಬೇಕು ಎಂದು ಅಪ್ಪಣೆಗಳನ್ನು ಕೊಡತೊಡಗಿದಳು. ಹೆರ್ ವೈಡ್ಲೆ ಸಲಿಕೆಯನ್ನು ಗೋಡೆಗೊರಗಿಸಿ ಬಕೆಟ್ಟುಗಳನ್ನು ಹೊತ್ತರು. ಫ್ರಾವ್ ಎಬಿಂಗರ್ ಹಾನ್ಸೆಲನ ಬ್ರಶ್ಶಿನಿಂದ ಒಂದು ಮೂಲೆಯನ್ನು ಉಜ್ಜಿದ ಪರಿಗೆ ಅಲ್ಲಿ ಕ್ಯಾನ್ವಾಸು ಹೊಸದರಂತಾಯಿತು. ಮಿಕ್ಕ ಕಡೆ ಬೂಷ್ಟು ಹೋಯಿತು, ಕಲೆ ಉಳಿಯಿತು. ಕಲೆಗೇನು, ಅದು ಸೋರುವುದಿಲ್ಲವಲ್ಲ ಎಂದ ಸ್ಟ್ಯಾನಿ.

ಮೂರನೇ ಸುತ್ತಿನ ವಿನೆಗರಿನ ಹೊತ್ತಿಗೆ ಪುಟ್ಟಲಕ್ಷ್ಮಮ್ಮನವರು ಹಲ್ವದ ಪಾತ್ರೆಯನ್ನು ಕೆಳಗೆ ತಂದರು. ಕುದುರೆಗೆಂದು ಕೊಟ್ಟ ಕ್ಯಾರೆಟ್ಟು ಏಲಕ್ಕಿ, ಗೋಡಂಬಿ ಸಮೇತ ಕೊಟ್ಟವರ ಬಾಯಿಗೇ ಬಂತು. ಫ್ರಾವ್ ಎಬಿಂಗರ್ ಎರಡನೇ ಸಲ ತಟ್ಟೆ ಚಾಚಿದರು. ಅತ್ತೆಯವರು ಡೇರೆಯ ಕಡೆ ಕೈ ತೋರಿಸಿ, ಆಮೇಲೆ ಫ್ರಾವ್ ಎಬಿಂಗರ್ ಕಡೆ ತೋರಿಸಿ, ಎರಡು ಬೆರಳಿನಲ್ಲಿ ನಡೆಯುವ ಹಾಗೆ ಮಾಡಿದರು. ಆಕೆ ತಲೆಯಾಡಿಸಿದರು. ಏನೋ ಮಕ್ಕಳಾಟ ಎಂದು ಯಾರೂ ಗಮನಿಸಲಿಲ್ಲ.

ಮರುವಾರ ಫ್ರಾವ್ ಎಬಿಂಗರ್ ಮೇಲೆ ಬಂದು, ಬೋಡನ್‌ಸೇಗೆ ಹೊರಡುವುದು ಎಷ್ಟು ಗಂಟೆಗೆ, ದಿಂಬು ತಾನೇ ತರಬೇಕೇ ಎಂದು ವಿಚಾರಿಸಿದಾಗ ವಿಷಯ ಬಯಲಾಯಿತು. ಇಲ್ಲವೆನ್ನುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ, ನಿಶ್ಚಿತಾಳ ಸರಾಗ ಜರ್ಮನ್ನಿಗೂ ಇರಲಿಲ್ಲ. ಡೇರೆಯಲ್ಲಿ ನಾಲ್ವರಿಗೆ ಜಾಗ, ಹೊರಟವರು ಐವರು. ಐದನೆಯವನು ಯಾರೆಂಬ ಚರ್ಚೆಯೇ ನಡೆಯಲಿಲ್ಲ. ಸ್ಟ್ಯಾನಿಯಿಂದ ಎರವಲು ತಂದ ಕಾರಿನ ಹಿಂದಿನ ಸೀಟು ಮಡಚಿದರೆ ಒಬ್ಬ ಮನುಷ್ಯ ಓರೆಯಾಗಿ ಮಲಗಬಹುದಿತ್ತು.

ಸರೋವರದ ದಂಡೆಯ ಮೊದಲ ಬೆಳಗ್ಗೆ ಸುಹಾಸ ಕಾರಿನಿಂದ ಕತ್ತು ಹಿಡಿದುಕೊಂಡು ಇಳಿದಾಗ, ಅತ್ತೆಯವರೂ ಫ್ರಾವ್ ಎಬಿಂಗರೂ ಒಂದೇ ಶಾಲು ಹೊದ್ದು ಡೇರೆಯ ಮುಂದೆ ಕಾಫಿ ಕುಡಿಯುತ್ತಿದ್ದರು. ಅತ್ತೆಯವರಿಗೆ ಕನ್ನಡ ಬಿಟ್ಟು ಬೇರೆ ಬಾರದು. ಫ್ರಾವ್ ಎಬಿಂಗರ್ ಮಾತಾಡುವ ಹಳ್ಳಿಗಾಡಿನ ಜರ್ಮನ್, ಬರ್ಲಿನ್ನಿನವರಿಗೇ ಬಾರದು. ಆದರೂ ಇಬ್ಬರೂ ಹಿಂದಿನ ಸಂಜೆಯಿಂದ ಬಾಯಿ ಮುಚ್ಚಿರಲಿಲ್ಲ ಎಂದು ನಿಶ್ಚಿತಾ ಕಣ್ಣುಜ್ಜುತ್ತಾ ದೂರಿದಳು.

ಫ್ರಾವ್ ಎಬಿಂಗರ್ ಎದ್ದು ನೀರಿನ ಕಡೆಗೆ ಹೋದ ಮೇಲೆ ಅತ್ತೆಯವರು ಅಳಿಯನಿಗೆ ಲೋಟ ಕೊಟ್ಟು ನಿಟ್ಟುಸಿರಿಟ್ಟರು. ಪಾಪ, ಆಕೆಯ ಮಗ ಹಾಂಬುರ್ಗಿನಲ್ಲಿದ್ದಾನಂತೆ, ಸೊಸೆ ಹಬ್ಬಕ್ಕೂ ಫೋನ್ ಮಾಡುವುದಿಲ್ಲವಂತೆ, ಯಜಮಾನರು ಬದುಕಿದ್ದಾಗ ಪ್ರತಿ ವರ್ಷ ಇಲ್ಲಿಗೆ ಕರೆತರುತ್ತೇನೆ ಎಂದು ಹೇಳಿ ಹೇಳಿ ಕೊನೆಗೂ ಕರೆತರಲಿಲ್ಲವಂತೆ, ಎಡ ಮಂಡಿ ಬಹಳ ನೋವಂತೆ. ಅದಕ್ಕೆ ಎಳ್ಳೆಣ್ಣೆ ಕಾಯಿಸಿ ಹಚ್ಚಲು ಅತ್ತೆಯವರು ಹೇಳಿದ್ದಾರಂತೆ, ಆಕೆ ಒಪ್ಪಿದ್ದಾರಂತೆ.

ಸುಹಾಸ ಲೋಟ ಹಿಡಿದು ನಿಂತೇ ಇದ್ದ. "ಅತ್ತೆ, ಇಷ್ಟೆಲ್ಲ ಅವರು ನಿಮಗೆ ಯಾವ ಭಾಷೇಲಿ ಹೇಳಿದ್ರು?"

ಪುಟ್ಟಲಕ್ಷ್ಮಮ್ಮನವರು ಅಳಿಯನನ್ನು ಮೇಲಿಂದ ಕೆಳಗೆ ನೋಡಿದರು.

"ಯಾವ ಭಾಷೆ ಅಂದ್ರೆ? ಬಾಯಲ್ಲೇ ಹೇಳಿದ್ಲಪ್ಪ," ಅಂದರು. "ಕುಡಿ, ಆರಿಹೋಗತ್ತೆ."